ಅರ್ಜಿದಾರ ಮಗು

ತಂದೆತಾಯಿಗೂ ಮಕ್ಕಳಿಗೂ ಇರುವ ಸಂಬಂಧವನ್ನು ಕಡಿದುಹಾಕುವ ಅಧಿಕಾರ ಯಾರಿಗಾದರೂ ಉಂಟೇ ಎಂದು ಕೇಳಿದರೆ ಈ ನಾಡಿನ ಜನ ಬಹುಮಟ್ಟಿಗೆ ಇಲ್ಲವೆಂದೇ ಉತ್ತರಿಸುವರು. ಮನೆಬಿಟ್ಟು ಹೋದ ಮಗನೂ ಮಗನೇ, ಕುಡಿದು ಮನೆ ಹಾಳುಮಾಡಿದ ತಂದೆಯೂ ತಂದೆಯೇ. ದತ್ತಕದ ಸಂದರ್ಭದಲ್ಲಿ ಮಾತ್ರ ಮಗು ಹೆತ್ತ ಮನೆಯಿಂದ ಕಾನೂನಿನ ದೃಷ್ಟಿಯಲ್ಲಿ ಹೊರಗಾಗುತ್ತದೆ. ಅಲ್ಲಿಯೂ ಕೊಡುವ ಕೈ ಪಡೆಯುವ ಕೈ ಎರಡೂ ಎದುರುಬದುರಾಗಿಯೇ ಇರುತ್ತವೆ. ಒಂದು ಮಡಿಲಿನಿಂದ ಎತ್ತಿದ ಮಗುವನ್ನು ಇನ್ನೊಂದು ಮಡಿಲಿಗೆ ಇಡುತ್ತಾರೆಯೇ ಹೊರತು ನಡುವೆ ಬರಿ ನೆಲದ ಮೇಲೆ ಮಲಗಿಸುವುದಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಹಾಗಲ್ಲ. ಮಗುವನ್ನು ತೀರ ಅಲಕ್ಷಿಸಿದ ಅಥವಾ ಹಿಂಸಿಸಿದ ತಂದೆತಾಯಿಯ ಹಕ್ಕುಗಳನ್ನು ನ್ಯಾಯಾಲಯವು ಶಾಶ್ವತವಾಗಿ ಕೊನೆಗೊಳಿಸಬಹುದು. ಆ ಮಗುವಿಗೆ ಮತ್ತೊಂದು ಮಡಿಲು ಸಿಕ್ಕಿರಲೇಬೇಕೆಂಬ ನಿಯಮವಿಲ್ಲ. ಆ ಆಜ್ಞೆ ಹೊರಬಿದ್ದ ದಿನದಿಂದ ತಾಯಿ ಕಾನೂನಿನ ಮಟ್ಟಿಗೆ ಪರಕೀಯಳು. ಮಗುವನ್ನು ಕಾಣುವುದಕ್ಕೆ, ಅದು ಎಲ್ಲಿದೆಯೆಂದು ತಿಳಿಯುವುದಕ್ಕೆ, ಅದರ ಕಾಯಿಲೆ ಕಸಾಲೆ ವಿಚಾರಿಸುವುದಕ್ಕೆ ಅವಳಿಗೆ ಅಧಿಕಾರವಿಲ್ಲ. ನೆವಾಡಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಇಂತಹ ಆಜ್ಞೆಯನ್ನು ನಾಗರಿಕ ಜೀವನದ ಮರಣದಂಡನೆಗೆ ಸಮಾನವೆಂದು ಹೇಳಿರುವುದು ಉತ್ಪ್ರೇಕ್ಷೆಯಲ್ಲ.

ದಂಡನೆ ಇಷ್ಟು ಕಠೋರವಾದ್ದರಿಂದ ಅದನ್ನು ವಿಧಿಸುವ ಮುನ್ನ ಎಷ್ಟು ಎಚ್ಚರ ಬೇಕೆಂಬ ಚರ್ಚೆ ಆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಹಲವು ಬಾರಿ ನಡೆದಿದೆ. 1981ರಲ್ಲಿ ಉತ್ತರ ಕೆರೊಲಿನಾದ ಒಬ್ಬ ಬಡ ತಾಯಿಯ ಪ್ರಕರಣದಲ್ಲಿ, ಇಂತಹ ವಿಚಾರಣೆಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಲೇಬೇಕೆಂದೇನೂ ಇಲ್ಲ, ಆಯಾ ಪ್ರಕರಣವನ್ನು ನೋಡಿ ನ್ಯಾಯಾಧೀಶರು ತೀರ್ಮಾನಿಸಬಹುದು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಮರುವರ್ಷವೇ, 1982ರಲ್ಲಿ, ನ್ಯೂಯಾರ್ಕಿನ ದಂಪತಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಅವರು ಬರೆದ ಬಹುಮತದ ತೀರ್ಪು ಸಾಕ್ಷ್ಯದ ಮಟ್ಟವನ್ನು ಏರಿಸಿತು. ತಕ್ಕಡಿ ಕೂದಲೆಳೆಯಷ್ಟು ಒಂದು ಕಡೆ ವಾಲಿದರೆ ಸಾಲದು, ಸ್ಪಷ್ಟವೂ ಮನವರಿಕೆಯಾಗುವಂಥದೂ ಆದ ಸಾಕ್ಷ್ಯವಿಲ್ಲದೆ ಯಾವ ರಾಜ್ಯವೂ ತಂದೆತಾಯಿಯ ಹಕ್ಕನ್ನು ಕೊನೆಗಾಣಿಸಕೂಡದು ಎಂಬುದು ಅಲ್ಲಿನ ನಿರ್ಣಯ.

ಹಣದ ಪ್ರಶ್ನೆ ಎದ್ದದ್ದು ಮಿಸಿಸಿಪ್ಪಿ ರಾಜ್ಯದ ಇನ್ನೊಬ್ಬ ತಾಯಿಯಿಂದ. ನ್ಯಾಯಾಲಯದ ಕಡತದಲ್ಲಿ ಅವಳಿಗೆ ಹೆಸರಿಲ್ಲ, ಮೂರು ಅಕ್ಷರಗಳಷ್ಟೇ ಇವೆ. ವಿಚ್ಛೇದನದ ಬಳಿಕ ಇಬ್ಬರು ಮಕ್ಕಳು ತಂದೆಯ ಬಳಿ ಇದ್ದರು. ಅವನು ಮರುಮದುವೆಯಾಗಿ, ಹೊಸ ಹೆಂಡತಿಯೇ ಮಕ್ಕಳನ್ನು ದತ್ತು ಪಡೆಯಬೇಕೆಂದು ಕೇಳಿದನು. 1994ರ ಡಿಸೆಂಬರಿನಲ್ಲಿ ನ್ಯಾಯಾಲಯವು ಹೆತ್ತವಳ ಹಕ್ಕನ್ನು ಕೊನೆಗೊಳಿಸಿತು. ಅವಳು ನೂರು ಡಾಲರ್ ಶುಲ್ಕ ತೆತ್ತು ಮೇಲ್ಮನವಿ ಸಲ್ಲಿಸಿದಳು. ಆದರೆ ವಿಚಾರಣೆಯ ದಾಖಲೆಗಳನ್ನು ಸಿದ್ಧಪಡಿಸಿ ಮೇಲಿನ ನ್ಯಾಯಾಲಯಕ್ಕೆ ಕಳುಹಿಸಲು 2,352 ಡಾಲರ್ 36 ಸೆಂಟ್ ಮುಂಗಡವಾಗಿ ಕಟ್ಟಬೇಕೆಂದು ಲೆಕ್ಕ ಬಂತು. ಅಷ್ಟು ಹಣ ಅವಳ ಬಳಿ ಇರಲಿಲ್ಲ. ಹಣವಿಲ್ಲವಾದ್ದರಿಂದ ಮನವಿಯೂ ಇಲ್ಲವೆಂದು ಆ ರಾಜ್ಯ ಹೇಳಿತು. 1996ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಬರೆದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು: ತಾಯಿತನವನ್ನು ಅಳಿಸುವ ಆಜ್ಞೆಯ ವಿರುದ್ಧ ದೂರಲು ಬಂದವಳನ್ನು ಬಡತನದ ಕಾರಣದಿಂದ ಬಾಗಿಲಲ್ಲೇ ತಡೆಯುವಂತಿಲ್ಲ. ಅವಳಿಗೆ ದೊರೆತದ್ದು ಮಕ್ಕಳಲ್ಲ, ತನ್ನ ಮಾತನ್ನು ಮೇಲಿನವರು ಕೇಳಬೇಕೆಂಬ ಹಕ್ಕು ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಮೇಲ್ಮನವಿಯೆಂದರೆ, ಕೊಟ್ಟ ತೀರ್ಪು ಕೊಟ್ಟ ದಿನವೇ ತಪ್ಪಾಗಿತ್ತು ಎಂಬ ವಾದ. ತೀರ್ಪು ಅಂದು ಸರಿಯಾಗಿಯೇ ಇದ್ದು ಅನಂತರ ಮನುಷ್ಯ ಬದಲಾದರೆ ಅದಕ್ಕೆ ಮೇಲ್ಮನವಿಯಲ್ಲಿ ಜಾಗವಿಲ್ಲ. ಮಾದಕದ್ರವ್ಯದ ದಾಸಳಾಗಿ ಮಗುವಿಗೆ ಊಟವಿಟ್ಟೆನೋ ಇಲ್ಲವೋ ಎಂಬ ಎಚ್ಚರವೂ ಇಲ್ಲದೆ ಬಿದ್ದಿರುತ್ತಿದ್ದ ತಾಯಿ ನಾಲ್ಕು ವರ್ಷಗಳ ಮೇಲೆ ಅದನ್ನು ಸಂಪೂರ್ಣವಾಗಿ ತ್ಯಜಿಸಿ, ಕೆಲಸ ಹಿಡಿದು, ಬಾಡಿಗೆಯ ಮನೆಯಲ್ಲಿ ನೆಟ್ಟಗೆ ಬದುಕುತ್ತಿದ್ದರೆ ಅವಳು ಯಾವ ನ್ಯಾಯಾಲಯಕ್ಕೆ ಹೋಗಬೇಕು? ಬಹುಕಾಲ ಇದಕ್ಕೆ ಉತ್ತರವೇ ಇರಲಿಲ್ಲ. ಕ್ಯಾಲಿಫೋರ್ನಿಯದ ಶಾಸನವಂತೂ, ಒಮ್ಮೆ ಹಕ್ಕು ಕೊನೆಗೊಂಡ ಮೇಲೆ ಆ ಆಜ್ಞೆಯನ್ನು ರದ್ದುಮಾಡುವ, ಬದಲಿಸುವ, ತಿದ್ದುವ ಅಧಿಕಾರ ಅದನ್ನು ಹೊರಡಿಸಿದ ನ್ಯಾಯಾಲಯಕ್ಕೂ ಇಲ್ಲವೆಂದು ಸಾರಿತ್ತು.

ಈ ಪ್ರಶ್ನೆ ತೀವ್ರವಾದದ್ದು 1997ರ ನಂತರ. ಆ ವರ್ಷದ ನವೆಂಬರಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಅಂಕಿತ ಪಡೆದ ದತ್ತಕ ಮತ್ತು ಸುರಕ್ಷಿತ ಕುಟುಂಬಗಳ ಅಧಿನಿಯಮವು, ಮಗುವೊಂದು ಹಿಂದಿನ 22 ತಿಂಗಳುಗಳಲ್ಲಿ 15 ತಿಂಗಳು ಸರ್ಕಾರದ ಸಾಕುಮನೆಯಲ್ಲಿ ಕಳೆದಿದ್ದರೆ, ತಂದೆತಾಯಿಯ ಹಕ್ಕನ್ನು ಕೊನೆಗೊಳಿಸಲು ರಾಜ್ಯವು ಅರ್ಜಿ ಹಾಕಬೇಕೆಂದು ವಿಧಿಸಿತು. ಮಗು ಬಂಧುಗಳ ಮನೆಯಲ್ಲಿದ್ದರೆ, ಕೊನೆಗೊಳಿಸದಿರಲು ಬಲವಾದ ಕಾರಣವಿದ್ದರೆ, ಅಥವಾ ಕುಟುಂಬಕ್ಕೆ ಕೊಡಬೇಕಾಗಿದ್ದ ನೆರವನ್ನು ರಾಜ್ಯವೇ ಕೊಡದಿದ್ದರೆ ವಿನಾಯಿತಿ ಉಂಟು. ದತ್ತಕಗಳ ಸಂಖ್ಯೆಯನ್ನು ಹೆಚ್ಚಿಸಿದ ರಾಜ್ಯಕ್ಕೆ ಹೆಚ್ಚುವರಿಯಾದ ಪ್ರತಿ ದತ್ತಕಕ್ಕೆ 4,000 ಡಾಲರ್, ವಿಶೇಷ ಆರೈಕೆ ಬೇಕಾದ ಮಗುವಾದರೆ 6,000 ಡಾಲರ್ ಪ್ರೋತ್ಸಾಹಧನವನ್ನೂ ಅದು ಗೊತ್ತುಮಾಡಿತು.

ಈ ಶಾಸನದ ಉದ್ದೇಶವನ್ನು ಹೀಗಳೆಯುವುದು ನ್ಯಾಯವಲ್ಲ. ಸಾಕುಮನೆಯೆಂದರೆ ಸರ್ಕಾರದಿಂದ ಭತ್ಯೆ ಪಡೆದು ಅನ್ಯರ ಮಕ್ಕಳನ್ನು ಇರಿಸಿಕೊಳ್ಳುವ ಮನೆ. ಅಂತಹ ಒಂದು ಮನೆಯಿಂದ ಇನ್ನೊಂದಕ್ಕೆ, ಒಂದು ಶಾಲೆಯಿಂದ ಮತ್ತೊಂದಕ್ಕೆ ಬಟ್ಟೆಯ ಗಂಟನ್ನು ಹೊತ್ತು ಅಲೆಯುತ್ತಲೇ ಬಾಲ್ಯ ಕಳೆದ ಮಕ್ಕಳು ಆ ದೇಶದಲ್ಲಿ ಅಸಂಖ್ಯ. ‘ಇಂದು ತಾಯಿ ಸುಧಾರಿಸಿಯಾಳು, ನಾಳೆ ಸುಧಾರಿಸಿಯಾಳು’ ಎಂದು ಹತ್ತು ವರ್ಷ ಕಾಯುವುದೂ ಮಗುವಿನ ಮೇಲೆ ಮಾಡುವ ಹಿಂಸೆಯೇ. ಆದರೆ ಹದಿನೈದು ತಿಂಗಳು ಯಾರ ಗಡಿಯಾರ? ಎರಡು ವರ್ಷದ ಕೂಸಿಗೆ ಅದು ಅರ್ಧಕ್ಕಿಂತ ಹೆಚ್ಚಿನ ಆಯುಷ್ಯ. ವ್ಯಸನದಿಂದ ಹೊರಬರಲು ಹೆಣಗುವವಳಿಗೆ, ಒಮ್ಮೆ ಬಿಟ್ಟು ಮತ್ತೆ ಜಾರಿ ಮತ್ತೆ ಏಳುವವಳಿಗೆ, ಅದು ಏನೂ ಅಲ್ಲ. ಸಣ್ಣ ಅಪರಾಧಕ್ಕೆ ಎರಡು ವರ್ಷದ ಸೆರೆಮನೆ ವಾಸವಾದ ತಂದೆಗೆ ಗಡಿಯಾರ ಆರಂಭದಲ್ಲೇ ಮುಗಿದಿರುತ್ತದೆ. ಒಂದೇ ಅವಧಿ ಒಬ್ಬರಿಗೆ ಅತಿ ದೀರ್ಘ, ಇನ್ನೊಬ್ಬರಿಗೆ ಅತಿ ಹ್ರಸ್ವ. ಈ ಇಕ್ಕಟ್ಟನ್ನು ಯಾವ ಶಾಸನವೂ ಪೂರ್ತಿಯಾಗಿ ಬಿಡಿಸಲಾರದು.

ಶಾಸನ ಕರ್ತರ ಲೆಕ್ಕ ತಪ್ಪಿದ್ದು ಬೇರೆ ಕಡೆ. ಹಕ್ಕನ್ನು ಕಡಿದರೆ ದತ್ತಕ ತಾನಾಗಿ ಆಗುತ್ತದೆಂದು ಅವರು ಭಾವಿಸಿದಂತಿದೆ. ಎಳೆಯ ಕೂಸುಗಳನ್ನು ಬಯಸುವವರು ಇದ್ದರು. ಹನ್ನೆರಡು ದಾಟಿದ ಹುಡುಗನನ್ನು, ಒಟ್ಟಿಗೇ ಇರಬೇಕೆಂದು ಹಟ ಹಿಡಿಯುವ ಮೂವರು ಒಡಹುಟ್ಟಿದವರನ್ನು, ಅಂಗವಿಕಲ ಮಗುವನ್ನು, ರಾತ್ರಿ ಬೆಚ್ಚಿ ಕೂಗುವ ಹುಡುಗಿಯನ್ನು ಬಯಸಿ ಬರುವವರು ವಿರಳ. ಹೀಗೆ ಹಳೆಯ ತಂದೆತಾಯಿಯೂ ಇಲ್ಲದೆ ಹೊಸ ತಂದೆತಾಯಿಯೂ ಇಲ್ಲದೆ ಉಳಿದ ಮಕ್ಕಳಿಗೆ ಅಲ್ಲಿನ ವಕೀಲರು ‘ಕಾನೂನಿನ ಅನಾಥರು’ ಎಂಬ ಹೆಸರಿಟ್ಟರು. ಹೆತ್ತವರು ಜೀವಂತವಾಗಿರುವಾಗಲೇ ಅನಾಥರಾದವರು ಇವರು. ತಾಯಿ ಪಕ್ಕದ ಬೀದಿಯಲ್ಲಿ ವಾಸವಾಗಿರಬಹುದು. ನ್ಯಾಯಾಲಯದ ಮುದ್ರೆಯಷ್ಟೇ ಅವಳನ್ನು ಇಲ್ಲವಾಗಿಸಿದೆ.

ಮಕ್ಕಳು ಮುದ್ರೆಗೆ ಬೆಲೆ ಕೊಡಲಿಲ್ಲ. ಸಾಕುಮನೆಯಿಂದ ತಪ್ಪಿಸಿಕೊಂಡು ಹೆತ್ತವಳ ಬಾಗಿಲು ತಟ್ಟುವುದು, ಪೊಲೀಸರು ಮರಳಿ ಕರೆತರುವುದು, ಮತ್ತೆ ಓಡುವುದು. ಹದಿನೆಂಟು ತುಂಬಿ ಸರ್ಕಾರದ ಆಶ್ರಯ ಕಳಚಿದ ಕೂಡಲೇ ಅನೇಕರು ನೇರವಾಗಿ ಹೋದದ್ದು ಯಾವ ಮನೆಯಿಂದ ಅವರನ್ನು ಬಿಡಿಸಲಾಗಿತ್ತೋ ಅದೇ ಮನೆಗೆ. ವರ್ಷಗಟ್ಟಲೆ ಹಣ, ಶ್ರಮ, ವಿಚಾರಣೆಗಳನ್ನು ವ್ಯಯಿಸಿ ರಾಜ್ಯವು ಸಾಧಿಸಿದ್ದೇನೆಂದರೆ, ಹೇಗಿದ್ದರೂ ನಡೆಯಲಿದ್ದ ಪುನರ್ಮಿಲನವನ್ನು ತಡಮಾಡಿದ್ದು ಮಾತ್ರ ಎಂಬಂತಾಯಿತು.

2005ರಲ್ಲಿ ಕ್ಯಾಲಿಫೋರ್ನಿಯವು ಈ ಕದವನ್ನು ಸ್ವಲ್ಪ ತೆರೆಯಿತು. ಹಕ್ಕು ಕೊನೆಗೊಂಡು ಮೂರು ವರ್ಷಗಳಾದರೂ ದತ್ತು ಹೋಗದ ಮಗು, ತನ್ನ ತಂದೆತಾಯಿಯ ಹಕ್ಕನ್ನು ಮರುಸ್ಥಾಪಿಸಬೇಕೆಂದು ಬಾಲ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ದತ್ತು ಹೋಗುವ ಸಂಭವವೇ ಇಲ್ಲವೆಂದು ಇಲಾಖೆಯೇ ಒಪ್ಪಿದರೆ ಮೂರು ವರ್ಷ ಕಾಯಬೇಕಿಲ್ಲ. 2007ರಲ್ಲಿ ನೆವಾಡಾ ಮತ್ತು ವಾಷಿಂಗ್ಟನ್ ರಾಜ್ಯಗಳು, 2010ರಲ್ಲಿ ನ್ಯೂಯಾರ್ಕ್ ಇದೇ ದಾರಿ ಹಿಡಿದವು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂತಹ ಶಾಸನವಿದೆ.

ಇದರಲ್ಲಿ ಅತ್ಯಂತ ವಿಚಾರಾರ್ಹವಾದ ಅಂಶ ಅರ್ಜಿದಾರರು ಯಾರು ಎಂಬುದು. ನ್ಯೂಯಾರ್ಕಿನಲ್ಲಿ ಹೆತ್ತವರೂ ಅರ್ಜಿ ಹಾಕಬಹುದು. ಆದರೆ ಮಗುವಿಗೆ ಹದಿನಾಲ್ಕು ತುಂಬಿರಬೇಕು, ಆಜ್ಞೆಯಾಗಿ ಎರಡು ವರ್ಷ ಕಳೆದಿರಬೇಕು, ಮಗು ಒಪ್ಪಿರಬೇಕು. ಕ್ಯಾಲಿಫೋರ್ನಿಯ, ವಾಷಿಂಗ್ಟನ್ ರಾಜ್ಯಗಳಲ್ಲಿ ಅರ್ಜಿ ಮಗುವಿನದು. ಹಕ್ಕು ಕಳೆದುಕೊಂಡವಳು ಎಷ್ಟೇ ಪ್ರಶಸ್ತಿಪತ್ರಗಳನ್ನು ಕೂಡಿಸಿಟ್ಟಿರಲಿ, ತಾನಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ‘ನನ್ನ ಮಗುವನ್ನು ಕೊಡಿ’ ಎನ್ನುವಂತಿಲ್ಲ. ಮಗು ‘ನನ್ನ ತಾಯಿಯನ್ನು ಕೊಡಿ’ ಎನ್ನಬೇಕು. ಮೇಲ್ನೋಟಕ್ಕೆ ಇದು ಪಶ್ಚಾತ್ತಾಪಪಟ್ಟವಳಿಗೆ ಮಾಡಿದ ಅವಮಾನದಂತೆ ತೋರಬಹುದು. ವಾಸ್ತವವಾಗಿ ಈ ಶಾಸನದ ಧರ್ಮಬುದ್ಧಿ ಇರುವುದೇ ಇಲ್ಲಿ. ಮರುಸ್ಥಾಪನೆ ಸುಧಾರಿಸಿದ್ದಕ್ಕೆ ಕೊಡುವ ಬಹುಮಾನವಲ್ಲ. ಬಹುಮಾನವೆಂದಾದರೆ ಮಗು ಒಂದು ವಸ್ತುವಾಗುತ್ತದೆ.

ವಾಷಿಂಗ್ಟನ್ ರಾಜ್ಯದಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಂಡರೆ ಕ್ರಮ ಸ್ಪಷ್ಟವಾದೀತು. ಆಜ್ಞೆಯಾಗಿ ನಾಲ್ಕು ವರ್ಷವಾಗಿದೆ. ಶಾಸನ ಬೇಡುವುದು ಮೂರು. 2007ರ ಮೂಲ ಶಾಸನದಲ್ಲಿ ವಯಸ್ಸಿನ ಮಿತಿ ಹನ್ನೆರಡು, ತಕ್ಕ ಕಾರಣವಿದ್ದರೆ ಅದಕ್ಕೂ ಚಿಕ್ಕವರ ಅರ್ಜಿಯನ್ನು ನ್ಯಾಯಾಲಯ ಕೇಳಬಹುದು. ಅವಳ ಪರವಾಗಿ ವಾದಿಸಲು ಖರ್ಚಿಲ್ಲದೆ ವಕೀಲರನ್ನು ಕೊಡುತ್ತಾರೆ. 1981ರಲ್ಲಿ ತಾಯಿಗೆ ಕಡ್ಡಾಯವಲ್ಲವೆಂದದ್ದು ಇಲ್ಲಿ ಮಗುವಿಗೆ ದೊರೆತಿದೆಯೆಂಬುದು ಗಮನಾರ್ಹ. ಮೊದಲು ತಾಯಿಗೆ ಇಚ್ಛೆಯೂ ಯೋಗ್ಯತೆಯೂ ಇರುವಂತೆ ತೋರುತ್ತದೆಯೇ ಎಂಬ ಪ್ರಾಥಮಿಕ ವಿಚಾರಣೆ. ಅನಂತರ ಹಿಂದಿನ ದೋಷಗಳು ನಿವಾರಣೆಯಾಗಿವೆಯೇ, ಹುಡುಗಿ ತನ್ನ ಮನಸ್ಸನ್ನು ಹೇಳಬಲ್ಲಷ್ಟು ಪ್ರೌಢಳೇ, ಅವಳ ಆರೋಗ್ಯಕ್ಕೂ ಕ್ಷೇಮಕ್ಕೂ ಅಪಾಯವುಂಟೇ ಎಂಬ ಪರಿಶೀಲನೆ. ಇಲ್ಲಿಯೂ ಬೇಕಾದ ಸಾಕ್ಷ್ಯ ಸ್ಪಷ್ಟವೂ ಮನವರಿಕೆಯಾಗುವಂಥದೂ ಆಗಿರಬೇಕು. ಕಡಿಯುವುದಕ್ಕೆ ಯಾವ ಅಳತೆಯೋ ಕೂಡಿಸುವುದಕ್ಕೂ ಅದೇ.

ಇದೆಲ್ಲ ಮುಗಿದರೂ ಹಕ್ಕು ಕೂಡಲೇ ಮರಳುವುದಿಲ್ಲ. ಆರು ತಿಂಗಳ ತಾತ್ಕಾಲಿಕ ಆಜ್ಞೆ. ಅಷ್ಟು ಕಾಲ ಹುಡುಗಿ ತಾಯಿಯೊಡನೆ ಇರುತ್ತಾಳೆ, ಇಲಾಖೆಯವರು ನೆರವು ನೀಡುತ್ತ ನೋಡುತ್ತಿರುತ್ತಾರೆ. ಆ ನಡುವೆ ಅಲಕ್ಷ್ಯವೋ ಹಿಂಸೆಯೋ ನಡೆದು ಮಗುವನ್ನು ತೆಗೆಯಬೇಕಾಗಿ ಬಂದು, ಆರೋಪ ರುಜುವಾತಾದರೆ ಅರ್ಜಿ ವಜಾ. ಆರು ತಿಂಗಳು ಸುಸೂತ್ರವಾಗಿ ಕಳೆದರೆ ಅಂತಿಮ ಆಜ್ಞೆ. ಈ ಆರು ತಿಂಗಳಲ್ಲಿ ಆ ಮನೆಯಲ್ಲಿ ಏನಿರುತ್ತದೆಂಬುದನ್ನು ಶಾಸನದ ಕಲಮುಗಳು ಹೇಳಲಾರವು. ಹತ್ತನೆಯ ವಯಸ್ಸಿನ ಮಗಳನ್ನು ಕಳೆದುಕೊಂಡವಳು ಹದಿನಾಲ್ಕರ ಅಪರಿಚಿತಳನ್ನು ಎದುರುಗೊಳ್ಳುತ್ತಾಳೆ. ಮಗಳು ಸಣ್ಣ ತಪ್ಪಿಗೂ ಹಳೆಯದನ್ನು ಎತ್ತಿ ಆಡಬಹುದು. ತಾಯಿ ಗದರಿಸಬೇಕಾದಲ್ಲಿ ಗದರಿಸಲು ಅಂಜಬಹುದು. ಕಾಗದದ ಮೇಲೆ ಮರಳಿ ಬಂದ ಅಧಿಕಾರ ಮನೆಯೊಳಗೆ ಬರಲು ಆರು ತಿಂಗಳಿಗಿಂತ ಹೆಚ್ಚು ಬೇಕಾದೀತು.

ಈ ಶಾಸನದ ಇನ್ನೊಂದು ವಾಕ್ಯ ವಿಶೇಷವಾದುದು. ಮರುಸ್ಥಾಪನೆಯಾದುದರಿಂದ ಹಿಂದಿನ ಆಜ್ಞೆಯ ಸಿಂಧುತ್ವಕ್ಕೆ ಬಾಧೆಯಿಲ್ಲ, ಅದು ರದ್ದಾಗುವುದಿಲ್ಲ ಎಂದು ಅದು ಹೇಳುತ್ತದೆ. ಕಡಿದದ್ದು ತಪ್ಪೆಂದು ಯಾರೂ ಒಪ್ಪಿಕೊಂಡಿಲ್ಲ, ತಾಯಿಯ ಹಳೆಯ ಅಪರಾಧ ಅಳಿಸಿಹೋಗಿಲ್ಲ. ಈ ಪತ್ರಿಕೆಯ ಓದುಗರಿಗೆ ಇಂತಹ ವಿವೇಕ ಹೊಸದಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಕಡೆಯ ಮೂರು ಛೇದ, ಪರಿಹಾರ ಮತ್ತು ಉಪಸ್ಥಾಪನ. ದೀಕ್ಷೆಯ ಅವಧಿಯನ್ನು ಕಡಿತಗೊಳಿಸುವುದು, ಸಂಘದಿಂದ ಕೆಲಕಾಲ ದೂರವಿಡುವುದು, ಹೊಸದಾಗಿ ಮತ್ತೆ ದೀಕ್ಷೆ ಕೊಡುವುದು. ಉಪಸ್ಥಾಪನೆ ಪಡೆದವರು ಹಳೆಯ ವರ್ಷಗಳನ್ನು ಎಣಿಸಿಕೊಳ್ಳುವಂತಿಲ್ಲ, ಮೊದಲ ದಿನದಿಂದ ಆರಂಭಿಸಬೇಕು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ. ಅಲ್ಲಿ ಮರಳುವವರು ತಮ್ಮ ಆತ್ಮಕ್ಕೆ ಹೊಣೆ, ಇಲ್ಲಿ ಇನ್ನೊಂದು ಜೀವ ಪಣಕ್ಕಿದೆ. ವಾಷಿಂಗ್ಟನ್ ಶಾಸನದಲ್ಲಿ ಒಂದು ಲೌಕಿಕ ಕರುಣೆಯೂ ಸೇರಿದೆ: ಸಂಬಂಧ ಕಡಿದುಹೋಗಿದ್ದ ಅವಧಿಯಲ್ಲಿ ಮಗುವನ್ನು ಸಾಕಿದ ವೆಚ್ಚವನ್ನು ಸರ್ಕಾರವು ಮರಳಿ ಬಂದ ತಾಯಿಯಿಂದ ವಸೂಲು ಮಾಡುವುದಿಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಒಮ್ಮೆ ಹಿಂಸಿಸಿದವರ ಕೈಗೆ ಮತ್ತೆ ಮಗುವನ್ನು ಕೊಡುವುದೇ ಎಂಬುದು ಮೊದಲನೆಯದು. ಇದು ನಿರ್ಲಕ್ಷಿಸುವಂಥದಲ್ಲ. ಅಲ್ಲಿ ಸಾಕುಮನೆ ಸೇರುವ ಮಕ್ಕಳಲ್ಲಿ ಬಹುಪಾಲು ಬಂದಿರುವುದು ಹೊಡೆತದಿಂದಲ್ಲ, ಅಲಕ್ಷ್ಯದಿಂದ. ಅಲಕ್ಷ್ಯವೆಂಬ ಆ ಪದದೊಳಗೆ ವ್ಯಸನವೂ ಬಡತನವೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ನಿಜವಾದರೂ, ಕ್ರೌರ್ಯದ ಪ್ರಕರಣಗಳೂ ಇವೆ. ಅವುಗಳಿಗೆ ಈ ಬಾಗಿಲು ಮುಚ್ಚಿಯೇ ಇರಬೇಕಾದದ್ದು ಸರಿ. ಎರಡನೆಯ ಆಕ್ಷೇಪ, ಮರಳುವ ಆಸೆ ಇದ್ದರೆ ಮಗು ಹೊಸ ಮನೆಗೆ ಒಗ್ಗುವುದಿಲ್ಲ ಎಂಬುದು. ದತ್ತು ಹೋಗದ ಮಗುವಿಗೆ ಮಾತ್ರ ಈ ದಾರಿಯಾದ್ದರಿಂದ ಅದರಲ್ಲಿ ಹುರುಳು ಕಡಿಮೆ.

ಆದರೆ ಆ ಉತ್ತರದಲ್ಲಿಯೇ ಈ ಶಾಸನದ ಅತ್ಯಂತ ಕಹಿಯಾದ ಭಾಗ ಅಡಗಿದೆ. ಮಗು ತಾಯಿಗೆ ಮರಳುವುದು ತಾಯಿ ಸುಧಾರಿಸಿದ್ದರಿಂದ ಮಾತ್ರವಲ್ಲ, ಬೇರಾರಿಗೂ ಅದು ಬೇಡವಾದದ್ದರಿಂದ. ಒಂದೇ ಬಗೆಯಲ್ಲಿ ತಪ್ಪಿ, ಒಂದೇ ಬಗೆಯಲ್ಲಿ ತಿದ್ದಿಕೊಂಡ ಇಬ್ಬರು ತಾಯಂದಿರಲ್ಲಿ ಒಬ್ಬಳ ಮಗು ಮುದ್ದಾದ ಎಳೆಕೂಸಾಗಿದ್ದು ದತ್ತು ಹೋಗಿದ್ದರೆ ಅವಳಿಗೆ ಏನೂ ಇಲ್ಲ. ಇನ್ನೊಬ್ಬಳ ಮಗ ದೊಡ್ಡವನಾಗಿ, ಹಟಮಾರಿಯಾಗಿ, ಮೂರು ಮನೆಗಳಿಂದ ಹೊರಬಿದ್ದಿದ್ದರೆ ಅವಳಿಗೆ ಮಗ ಸಿಗುತ್ತಾನೆ. ದತ್ತು ಪಡೆದವರ ಮಡಿಲಿನಿಂದ ಮಗುವನ್ನು ಕಿತ್ತುಕೊಳ್ಳುವುದು ಎರಡನೆಯ ಹಿಂಸೆಯಾದೀತು, ಆದ್ದರಿಂದ ಬೇರೆ ದಾರಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ಒಪ್ಪಿದ ಮಾತ್ರಕ್ಕೆ ಕಹಿ ಹೋಗುವುದಿಲ್ಲ. ‘ಯಾರಿಗೂ ಬೇಡವಾದವನು’ ಎಂಬ ಮಾತು ಅರ್ಜಿಯ ಒಂದು ಷರತ್ತಾಗಿ ಬರೆಯಲ್ಪಟ್ಟಿರುವುದನ್ನು ಆ ಹುಡುಗನೂ ಒಂದು ದಿನ ಓದಬಲ್ಲ.

ದತ್ತಕವೇ ಮುರಿದುಬಿದ್ದಾಗ ಏನು ಮಾಡಬೇಕೆಂಬುದನ್ನು ಅದೇ ದೇಶದ ಇನ್ನೊಂದು ಶಾಸನ ಬಹಳ ಹಿಂದೆಯೇ ಯೋಚಿಸಿತ್ತು. ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಕುಟುಂಬಗಳಿಂದ ಬೇರ್ಪಟ್ಟಿದ್ದಾರೆಂಬ ಸಮೀಕ್ಷೆಗಳ ಹಿನ್ನೆಲೆಯಲ್ಲಿ 1978ರಲ್ಲಿ ಬಂದ ಅಧಿನಿಯಮ ಅದು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆ ಶಾಸನದಡಿ ಹಕ್ಕನ್ನು ಕಡಿಯಲು ಸ್ಪಷ್ಟ ಸಾಕ್ಷ್ಯವೂ ಸಾಲದು, ಕೊಲೆಯ ಮೊಕದ್ದಮೆಯಲ್ಲಿರುವಂತೆ ಸಂಶಯಾತೀತ ಸಾಕ್ಷ್ಯ ಬೇಕು. ಬುಡಕಟ್ಟಿನ ಮಗುವಿನ ದತ್ತಕವು ರದ್ದಾದರೆ, ಅಥವಾ ದತ್ತು ಪಡೆದವರೇ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರೆ, ಹೆತ್ತವರು ಮಗುವನ್ನು ಮರಳಿ ಕೇಳಬಹುದು. ಮಗುವಿನ ಹಿತಕ್ಕೆ ಅದು ವಿರುದ್ಧವೆಂದು ತೋರಿಸದ ಹೊರತು ನ್ಯಾಯಾಲಯ ಕೊಡಬೇಕು. ಇತರರ ಮಕ್ಕಳಿಗಾಗಿ ಈ ಯೋಚನೆ ಬರಲು ಮತ್ತೆ ಇಪ್ಪತ್ತೇಳು ವರ್ಷ ಹಿಡಿಯಿತು.

ಇನ್ನು ಒಡಹುಟ್ಟಿದವರ ಮಾತು. ಅಣ್ಣನಿಗೆ ಹದಿಮೂರು, ತಂಗಿಗೆ ಐದು. ಆಜ್ಞೆಯ ಬಳಿಕ ತಂಗಿ ದತ್ತು ಹೋದಳು, ಅಣ್ಣ ಉಳಿದ. ಮೂರು ವರ್ಷದ ಮೇಲೆ ಅವನ ಅರ್ಜಿಯಂತೆ ಅವನ ಮಟ್ಟಿಗೆ ಮಾತ್ರ ತಾಯಿಯ ಹಕ್ಕು ಮರಳಿತು ಎಂದಿಟ್ಟುಕೊಳ್ಳಬಹುದು. ಆಗ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಅವಳು ತಾಯಿ, ಇನ್ನೊಬ್ಬಳಿಗೆ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ. ತಂಗಿಯ ಹುಟ್ಟುಹಬ್ಬಕ್ಕೆ ಅಣ್ಣ ಒಂದು ಉಡುಗೊರೆ ಕೊಂಡರೆ ಅದು ಅವಳ ಕೈ ಸೇರುವುದು, ಅವನು ಹೋಗಿ ಅವಳನ್ನು ಕಾಣುವುದು, ಬಹುಮಟ್ಟಿಗೆ ಆ ಹೊಸ ತಂದೆತಾಯಿಯ ಮನಸ್ಸಿಗೆ ಬಿಟ್ಟ ವಿಷಯ. ಹಲವರು ಒಪ್ಪುತ್ತಾರೆ. ಆದರೆ ಉಡುಗೊರೆ ಕೊಡಲು ಅಣ್ಣನೊಬ್ಬನೇ ಬರಬೇಕೋ, ತಾಯಿಯೂ ಕಾರಿನಲ್ಲಿ ಕುಳಿತಿರಬಹುದೋ ಎಂಬುದನ್ನು ಆ ಎರಡು ಮನೆಯವರು ತಾವೇ ದೂರವಾಣಿಯಲ್ಲಿ ಮಾತಾಡಿ ಗೊತ್ತುಮಾಡಿಕೊಳ್ಳಬೇಕಾಗಿದೆ.